ಸೀರೆಯ ಬಿಲ್ಲು ಯಾವ ಖಾತೆಗೆ

“ಬೇಟಿ, ಇದೇನಿದು? ಸೀರಿ?”

ವಕೀಲ ಸಾಹೇಬರು ಕನ್ನಡಕವನ್ನು ಹಣೆಗೆ ಏರಿಸಿ, ಬಿಲ್ಲನ್ನು ಮೂಗಿನ ಹತ್ತಿರ ಹಿಡಿದು ಕೇಳಿದರು. ಬೀದರಿನ ಹಳೇ ಊರಿನಲ್ಲಿ ಒಂದು ಸೈಕಲ್ ಅಂಗಡಿಯ ಮೇಲೆ ಅವರ ಕೋಣೆ. ಬೇಳೆ ಗಿರಣಿಯವರು, ಕಿರಾಣಿಯವರು, ಬಿದರಿ ಸಾಮಾನು ಮಾರುವವರು, ಹೀಗೆ ಊರಿನ ಎಷ್ಟೋ ಮಂದಿಯ ಇನ್‌ಕಮ್ ಟ್ಯಾಕ್ಸಿನ ಕೆಲಸ ಅವರ ಕೈಯಲ್ಲೇ ಆಗುತ್ತಿತ್ತು. ಅವರೆಲ್ಲರ ಹಿಸಾಬು ಸಾಹೇಬರಿಗೆ ಚಹಾ ಕುಡಿದಷ್ಟು ಸಲೀಸು. ನಮ್ಮ ಫೈಲು ಬಂತೆಂದರೆ ಮಾತ್ರ ಎದ್ದು ಫ್ಯಾನು ಜೋರು ಮಾಡುತ್ತಿದ್ದರು.

ನಾನು ಮತ್ತು ನನ್ನ ಚಿಗವ್ವನ ಮಗ ಸೇರಿ ಮೊಬೈಲಿನಲ್ಲಿ ಆಡುವ ಆಟಗಳನ್ನು ತಯಾರಿಸುವ ಸಣ್ಣ ಕಂಪನಿ ತೆಗೆದಿದ್ದೆವು. ಅವನು ಪ್ರೋಗ್ರಾಮ್ ಬರೆಯುವವನು, ನಾನು ಚಿತ್ರ ಬರೆಯುವವಳು. ಲೆಕ್ಕ ಇಡುವ ಕೆಲಸ ಇಬ್ಬರಿಗೂ ಬೇಡವಾಗಿತ್ತು, ಹಿರಿಯಳೆಂದು ನನ್ನ ಕೊರಳಿಗೆ ಬಿತ್ತು. ಬಾಡಿಗೆಯ ಮಾಳಿಗೆ ಮನೆ. ಮುಂದಿನ ಕೋಣೆ ಆಫೀಸು, ಹಿಂದಿನ ಕೋಣೆಯಲ್ಲಿ ನನ್ನ ಚಾಪೆ, ನನ್ನ ಒಲೆ. ಕೆಳಗೆ ಮನೆ ಮಾಲಕಿ.

“ಆಟ ಆಡಿ ಲುಕ್ಸಾನ ಮಾಡ್ಕೊಂಡವರನ್ನ ಭಾಳ ಮಂದೀನ ನೋಡೀನಿ,” ಎನ್ನುತ್ತಿದ್ದರು ಸಾಹೇಬರು. “ಆಟ ಮಾಡಿ ಲುಕ್ಸಾನ ಮಾಡ್ಕೊಂಡವರು ನೀವೇ ಮೊದಲ.”

ಅವರದು ಒಂದೇ ಸೂತ್ರ. ಧಂದೇಕ್ಕ ಮಾಡಿದ್ದು ಧಂದೇಕ್ಕ, ಮನಿಗಿ ಮಾಡಿದ್ದು ಮನಿಗಿ. ನಡುವೆ ಕಾಲು ಹಾಕಿ ನಿಲ್ಲಬೇಡಿ ಎಂದು ಪ್ರತಿ ಸಲ ಹೇಳುತ್ತಿದ್ದರು. ಆಫೀಸಿನ ಬಾಡಿಗೆ ಖರ್ಚಾಗುತ್ತದೆ, ಆದರೆ ನಾನು ಮಲಗುವ ಕೋಣೆಯ ಪಾಲು ಕಳೆದು. ಕರೆಂಟು, ಇಂಟರ್ನೆಟ್ಟು, ಚಿತ್ರ ಬರೆಯುವ ಸಾಫ್ಟ್‌ವೇರಿನ ಚಂದಾ, ಇವೆಲ್ಲ ಆಗುತ್ತವೆ. ಕಂಪ್ಯೂಟರಿನ ಬೆಲೆ ಒಂದೇ ವರ್ಷಕ್ಕೆ ಪೂರಾ ಬರೆಯುವ ಹಾಗಿಲ್ಲ, ವರ್ಷ ವರ್ಷ ಸವಕಳಿ ಎಂದು ಕಳೆಯಬೇಕು. ಹಳೇ ಮೊಬೈಲುಗಳ ರಾಶಿ ನೋಡಿ, “ಇಷ್ಟು ಫೋನ್ ಯಾಕ್ರಿ?” ಎಂದರು. ಎಲ್ಲ ತರದ ಫೋನಿನಲ್ಲೂ ಆಟ ಓಡುತ್ತದೋ ಇಲ್ಲವೋ ನೋಡಬೇಕಲ್ಲ ಎಂದೆ. “ನನ್ನ ಅಳಿಯಾನೂ ಹಿಂಗೇ ಹೇಳ್ತಾನ,” ಎಂದು ಗೊಣಗಿ ಬರೆದುಕೊಂಡರು. ನೀರಿನ ಟ್ಯಾಂಕರಿನ ರಸೀದಿಗಳಿಗೆ ಬಂದಾಗ ಪೆನ್ನು ನಿಂತಿತು.

“ಆಫೀಸಿನ್ಯಾಗ ಕುಡಿಯೋ ನೀರ ಆಗ್ತದ ಬೇಟಿ. ಆದ್ರ ಇಷ್ಟು ನೀರ ಕುಡಿಯೋ ಆಫೀಸ ನಾ ನೋಡಿಲ್ಲ.”

ನಿಜ. ಟ್ಯಾಂಕರ್ ಬಂದರೆ ಮಾಲಕಿಯೂ ತುಂಬಿಕೊಳ್ಳುತ್ತಿದ್ದಳು, ಓಣಿಯವರೂ ತುಂಬಿಕೊಳ್ಳುತ್ತಿದ್ದರು. ಬೇಡ ಅನ್ನುವುದು ಹೇಗೆ? ಅದು ರಾಜ್ಯದ ಗಡಿಯಾಚೆಯ ಊರಿಗೆ ರೈಲಿನಲ್ಲಿ ನೀರು ತರಿಸಿದ ವರ್ಷ. ನಮ್ಮ ಕಡೆಯ ಹಳ್ಳಿಗಳಿಂದ ದಿನಾ ಬಸ್ಸುಗಟ್ಟಲೆ ಜನ ಹೈದರಾಬಾದಿಗೆ, ಪುಣೆಗೆ ಹೋಗುತ್ತಿದ್ದರು. ಬಸ್ಸಿನ ಮೇಲೆ ಅವರ ಒಲೆ, ಹಾಸಿಗೆ, ಕೊಡ. ಇಂಥ ಕಾಲದಲ್ಲಿ ಆಟದ ಕಂಪನಿ ತೆಗೆದದ್ದು ಬರಗಾಲದಲ್ಲಿ ಅಧಿಕಮಾಸ ಎಂದು ನೆಂಟರೆಲ್ಲ ಆಡಿಕೊಂಡರು. ಆಡಿಕೊಳ್ಳಲಿ. ನನಗೆ ಆ ವರ್ಷ ಯಾರ ಮಾತೂ ತಟ್ಟುತ್ತಿರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಹಿಂದಿನ ಬೇಸಿಗೆಯಲ್ಲಿ ಭಾಲ್ಕಿಯಲ್ಲಿ ನಮ್ಮವ್ವ ತೀರಿಕೊಂಡಿದ್ದಳು. ಸಾಲಿಯಲ್ಲಿ ಟೀಚರ್ ಆಗಿ ನಿವೃತ್ತಳಾದವಳು. ಅವಳಿಗೆ ನಾನು, ನನಗೆ ಅವಳು, ಅಷ್ಟೇ ಸಂಸಾರ. ಜ್ವರ ಬಂತು, ಏರಿತು, ಹೋದಳು. ನಡುಮನೆಯಲ್ಲಿ ಮಲಗಿಸಿದ್ದೆವು. ಸುತ್ತ ಓಣಿಯ ಹೆಂಗಸರು ಕೂತು ಅಳುತ್ತಿದ್ದರು. ಆಗ ಹೊರಗೆ ಟ್ಯಾಂಕರಿನ ಹಾರ್ನ್ ಕೇಳಿಸಿತು. ಅಳು ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮೊದಲು ಏಳುವ ಧೈರ್ಯ ಯಾರಿಗೂ ಇಲ್ಲ. ನಾನೇ ಎದ್ದೆ. ಕೊಡ ತೆಗೆದುಕೊಂಡು ಓಡಿದೆ, ನನ್ನ ಹಿಂದೆ ಎಲ್ಲರೂ ಓಡಿದರು. ಅವ್ವನ ಮೈ ತೊಳೆಯಲು ನೀರು ಬೇಕಿತ್ತಲ್ಲ. ಸಾಲಿನಲ್ಲಿ ನಿಂತೆ, ಮುಂದೆ ನುಗ್ಗಿದವಳ ಜೊತೆ ಜಗಳ ಆಡಿದೆ, ಕೊಡ ತುಂಬಿಸಿಕೊಂಡು ಬಂದೆ.

ಆಮೇಲೆ ಅಳು ಬರಲೇ ಇಲ್ಲ. ಗಟ್ಟಿ ಹೆಣ್ಣು ಎಂದು ಹೊಗಳಿದರು. ಏನು ಗಟ್ಟಿ, ಮಣ್ಣಾಂಗಟ್ಟಿ! ಒಳಗೆ ಏನೂ ಇರಲಿಲ್ಲ. ಆ ಬೇಸಿಗೆಯ ನಲ್ಲಿಯ ಹಾಗೆ, ತಿರುಗಿಸಿದರೆ ಗಾಳಿ ಅಷ್ಟೇ. ಭಾಲ್ಕಿಯ ಬಾಡಿಗೆ ಮನೆ ಬಿಟ್ಟುಕೊಟ್ಟು ಬೀದರಿಗೆ ಬಂದು ಕೆಲಸಕ್ಕೆ ಕೂತೆ. ಊಟ ರುಚಿಸುತ್ತಿರಲಿಲ್ಲ, ನಿದ್ದೆ ಮಾತ್ರ ಬೇಕಾದಷ್ಟು.

ನಾವು ಮಾಡುತ್ತಿದ್ದ ಆಟ ಸರಳವಾದದ್ದು. ಒಬ್ಬ ಹುಡುಗಿ ತಲೆಯ ಮೇಲೆ ತುಂಬಿದ ಕೊಡ ಹೊತ್ತು ಟ್ಯಾಂಕರಿನಿಂದ ಮನೆಗೆ ನಡೆಯಬೇಕು. ಫೋನ್ ಓರೆಯಾದರೆ ನೀರು ಚೆಲ್ಲುತ್ತದೆ. ದಾರಿಯಲ್ಲಿ ನಾಯಿ, ಎಮ್ಮೆ, ಮೋಟರ್ ಸೈಕಲ್ಲು. ನೀರು ಚೆಲ್ಲಿದಾಗ ಮನೆಯ ಹೆಂಗಸು ಒಬ್ಬಳು ಬೈಯಬೇಕು. ಈ ಬೈಯುವ ದನಿಯೇ ಸಿಗಲಿಲ್ಲ. ಚಿಗವ್ವನ ಹತ್ತಿರ ಬೈಸಿದೆವು, ರೇಡಿಯೋದಲ್ಲಿ ಹವಾಮಾನ ಹೇಳಿದ ಹಾಗೆ ಬೈದಳು. ಮಾಲಕಿಗೆ ಹೇಳಿದರೆ ನಾಚಿಕೊಂಡು ನಕ್ಕಳು. ದಿನಾ ಗಂಡನಿಗೆ ಬೈಯುವಾಗ ಎಲ್ಲಿ ಹೋಗಿತ್ತೋ ಆ ನಾಚಿಕೆ.

ಕಡೆಗೆ ನನ್ನ ತಮ್ಮ, ಅದೇ ಚಿಗವ್ವನ ಮಗ, ಟ್ಯಾಂಕರಿನ ಗದ್ದಲ ರೆಕಾರ್ಡ್ ಮಾಡಿಕೊಂಡು ಬರುತ್ತೇನೆಂದು ಔರಾದ ತಾಲೂಕಿಗೆ ಹೋದ. ಕಮಲನಗರದ ಆಚೆ ಒಂದು ಹಳ್ಳಿ. ಬಂದು ನನ್ನ ಕಿವಿಗೆ ಹೆಡ್‌ಫೋನ್ ಹಾಕಿದ. ನೂರು ಕೊಡಗಳ ಸದ್ದಿನ ಮೇಲೆ ಒಂದು ದನಿ: “ಯಾಕ, ಕಣ್ಣ ಗೂಟಕ್ಕ ಹಾಕಿ ಬಂದೀಯೇನ? ಚೆಲ್ಲು, ಇನ್ನಷ್ಟು ಚೆಲ್ಲು! ನಿಮ್ಮ ಮಾವ ಬಾವಿ ತೋಡಿಸಿ ಇಟ್ಟಾನ!”

“ಅಕ್ಕಾ, ಸಿಕ್ಕಳು!” ಎಂದ ತಮ್ಮ.

ಎಳ್ಳಮಾವಾಸ್ಯೆ ಮುಗಿದ ಮೇಲೆ ಅವಳನ್ನು ಬೀದರಿಗೆ ಕರೆಸಿದೆವು. ಇಪ್ಪತ್ತರ ಆಸುಪಾಸಿನ ಹುಡುಗಿ, ಹೋದ ವರ್ಷ ಲಗ್ನವಾದವಳು, ಹೊಲದ ಕೂಲಿ. ಗಂಡ ಆಗಲೇ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಗೋಡೆಗೆ ಕೌದಿ ಹೊದಿಸಿ, ಫ್ಯಾನ್ ಬಂದ್ ಮಾಡಿ ಮೈಕಿನ ಮುಂದೆ ಕೂರಿಸಿದೆವು. ಮೈಕನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು, ನಾದಿನಿಯನ್ನು ನೋಡುವ ಹಾಗೆ. ಆಮೇಲೆ ಶುರು ಮಾಡಿದಳು ನೋಡಿ! ಒಂದು ಬೈಗುಳ ಎರಡನೇ ಸಲ ಬರಲಿಲ್ಲ. ಪ್ರತಿ ಬೈಗುಳದ ಕೊನೆಗೆ ತಾನೇ ನಗುತ್ತಿದ್ದಳು. ಆ ನಗುವನ್ನೂ ಆಟದಲ್ಲಿ ಹಾಗೇ ಬಿಟ್ಟೆವು.

ಸಂಜೆ ನಾನು ರೊಕ್ಕ ಕೊಡಹೋದರೆ ಕೈ ಹಿಂದೆ ಸರಿಸಿದಳು.

“ಬ್ಯಾಡ್ರಿ ಅಕ್ಕೋರ. ರೊಕ್ಕ ತಗೊಂಡು ಬೈದ್ರ ಬೈಗುಳ ಖರೇನೇ ತಟ್ಟತಾವ. ಆಡೋರು ಸಣ್ಣ ಹುಡುಗ್ರು. ಪುಕ್ಕಟ ಬೈದ್ರ ಅದು ಕಕ್ಕುಲಾತಿ.”

ಎಷ್ಟು ಹೇಳಿದರೂ ಕೇಳಲಿಲ್ಲ. ನಮ್ಮವ್ವ ಯಾರಿಂದಲಾದರೂ ಕೆಲಸ ಮಾಡಿಸಿಕೊಂಡು ಅವರು ರೊಕ್ಕ ಬೇಡ ಎಂದರೆ ಉಡಿ ತುಂಬಿ ಕಳಿಸುತ್ತಿದ್ದಳು. ನನಗೆ ಗೊತ್ತಿದ್ದದ್ದು ಅದೊಂದೇ ದಾರಿ. ಅಂಗಡಿಗೆ ಹೋಗಿ ಹಸಿರು ಸೀರೆ ತಂದೆ. ಅವಳನ್ನು ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ಉತ್ತತ್ತಿ, ಅಡಿಕೆ ಹಾಕಿ, ಸೀರೆ ಇಟ್ಟು ಉಡಿ ತುಂಬಿದೆ. ಅಂಗಡಿಯವನು ಪೊಟ್ಟಣ ಕಟ್ಟುವಾಗ ಏನು ಅನಿಸುತ್ತದೋ ನನಗೂ ಅಷ್ಟೇ ಅನಿಸಿತು. ಅವಳು ಮಾತ್ರ ತುಂಬಿದ ಸೆರಗನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡಳು. ಕಾಲಿಗೆ ಬಿದ್ದಳು. ಎದ್ದಾಗ ಅವಳ ಕಣ್ಣು ತುಂಬಿತ್ತು. ಹಳ್ಳಿ ಹುಡುಗಿ, ಹೊಸ ಸೀರೆ ಕಂಡು ಖುಷಿಯಾಗಿದೆ ಎಂದುಕೊಂಡೆ. ಸೀರೆಯ ಬಿಲ್ಲು ಫೈಲಿಗೆ ಹೋಯಿತು.

ಇಷ್ಟನ್ನೂ ವಕೀಲ ಸಾಹೇಬರಿಗೆ ಹೇಳಿದೆ. ಅವರು ಗಲ್ಲಕ್ಕೆ ಕೈ ಕೊಟ್ಟು ಕೇಳಿದರು.

“ಅಂದ್ರ ಬೈದದ್ದಕ್ಕ ಸೀರಿ! ಯಾ ಅಲ್ಲಾ, ನಮ್ಮ ಮನ್ಯಾಗ ಹಿಂಗ ಲೆಕ್ಕ ಹಚ್ಚಿದ್ರ ನಾ ದಿವಾಳಿ ಆಗ್ತಿದ್ದೆ,” ಎಂದು ನಕ್ಕರು. ಆಮೇಲೆ ಬಿಲ್ಲನ್ನು ಬೇರೆಯಾಗಿ ಇಟ್ಟರು. “ಆಕಿ ಧ್ವನಿ ನಿಮ್ಮ ಆಟದಾಗ ಅದ, ಅದಕ್ಕ ಬದಲಾಗಿ ಕೊಟ್ಟೀರಿ ಅಂತ ವೋಚರ್ ಮಾಡಿ ಆಕಿ ಸಹಿ ತಗೊಂಡು ಬರ್ರಿ. ಆಗ ಖರ್ಚ. ಸಹಿ ಇಲ್ಲಾಂದ್ರ ಇದು ಆಹೇರ, ಉಡುಗೊರಿ. ನೆಂಟರಿಗಿ ಮಾಡಿದ ಆಹೇರ ಧಂದೇದ ಖರ್ಚಾಗಲ್ಲ.”

ಸಹಿಗಾಗಿ ಔರಾದಿಗೆ ಯಾವಾಗ ಹೋಗುವುದೆಂದು ನಾವು ಯೋಚಿಸುತ್ತಿದ್ದ ವಾರವೇ ಅವಳು ಬಂದಳು. ಮಧ್ಯಾಹ್ನದ ರಣಬಿಸಿಲು. ಬಾಗಿಲು ತೆಗೆದರೆ ಮೆಟ್ಟಿಲಿನ ಮೇಲೆ ಕೂತಿದ್ದಾಳೆ. ಪಕ್ಕದಲ್ಲಿ ಬಟ್ಟೆಯ ಗಂಟು, ಒಂದು ಕ್ಯಾನ್ ನೀರು. ಹೊಟ್ಟೆ ಮುಂದೆ ಬಂದಿತ್ತು, ಏಳು ತಿಂಗಳಂತೆ. ಉಟ್ಟಿದ್ದು ಅದೇ ಹಸಿರು ಸೀರೆ.

“ನೀರ ತಂದೀನ್ರಿ ಅಕ್ಕೋರ,” ಎಂದಳು. “ನಿಮ್ಮಲ್ಲಿನೂ ಬರ ಅದಂತಲ್ಲ.”

ಒಳಗೆ ಕೂತು, ಉಸಿರು ತಿರುಗಿದ ಮೇಲೆ ಹೇಳಿದಳು. ಅವಳ ಅವ್ವ, ಅಪ್ಪ, ಅಣ್ಣಂದಿರು ಎಲ್ಲ ಪುಣೆಗೆ ದುಡಿಯಲು ಹೋಗಿದ್ದಾರೆ. ಎಲ್ಲಿದ್ದಾರೆಂದು ಸರಿಯಾಗಿ ಗೊತ್ತಿಲ್ಲ, ಫೋನ್ ಹತ್ತುತ್ತಿಲ್ಲ. ಗಂಡ ಹೈದರಾಬಾದಿನಲ್ಲಿ ತಾಡಪತ್ರಿಯ ಗುಡಿಸಲು ಕಟ್ಟಿಕೊಂಡಿದ್ದಾನೆ. ಅತ್ತೆಯೂ ಹಿರಿಯ ಮಗನ ಹಿಂದೆ ಹೊರಟು ನಿಂತಿದ್ದಾಳೆ.

“ಚೊಚ್ಚಲ ತವರಾಗೇ ಆಗಬೇಕು, ನಡಿ ಅಂದ್ಳು ನಮ್ಮತ್ತಿ. ತವರಿಗಿ ಕೀಲಿ ಬಿದ್ದದ್ರಿ. ಕೀಲಿ ಬಿದ್ದ ಬಾಗಲದಾಗ ಅಳ್ಕೋತ ಕುಂತೆ. ಆಮ್ಯಾಲ ನೆನಪಾತು. ನೀವು ಉಡಿ ತುಂಬೀರಲ್ಲ, ಅದೂ ನನಗ ಹೊಟ್ಟಿ ನಿಂತಾಗ. ನಾ ಯಾರಿಗೂ ಹೇಳಿದ್ದಿಲ್ಲ, ನಿಮಗ ಹ್ಯಾಂಗ ಗೊತ್ತಾತೋ! ಬಸುರಿ ಉಡಿ ತುಂಬಿದ ಮನಿ ತವರೇ ಅಲ್ಲೇನ್ರಿ? ಅದಕ್ಕ ಬಂದೀನಿ. ಹಡದು ಹೋಗ್ತೇನಿ.”

ನನಗೆ ಏನೂ ಗೊತ್ತಿರಲಿಲ್ಲ. ಸೀರೆ ಕೊಡುವುದಕ್ಕೆ ಒಂದು ನೆಪ ಬೇಕಿತ್ತು, ಉಡಿ ತುಂಬಿದ್ದೆ. ಅದನ್ನು ಅವಳ ಮುಖಕ್ಕೆ ಹೇಳುವುದಾಗಲಿಲ್ಲ. ಅವಳ ಮೇಲೆ ಕರುಣೆ ಬಂತೋ ಎಂದರೆ ಅದೂ ಇಲ್ಲ. “ಕೈಕಾಲ ತೊಳಕೋ, ಊಟ ಮಾಡು,” ಎಂದೆ. ತಮ್ಮ ನನ್ನನ್ನು ಮೂಲೆಗೆ ಕರೆದು, “ಅಕ್ಕಾ, ನಮಗೇ ಮುಂದಿನ ತಿಂಗಳದ್ದು ಗ್ಯಾರಂಟಿ ಇಲ್ಲ,” ಎಂದ. “ಹೂಂ,” ಎಂದೆ. ಅಷ್ಟೇ ಮಾತು. ಅವಳು ಉಳಿದಳು.

ನನ್ನ ಕೋಣೆಯಲ್ಲೇ ಮಲಗಿದಳು. ಬೆಳಿಗ್ಗೆ ನಾನು ಏಳುವ ಮೊದಲೇ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಬೇಡವೆಂದರೆ, “ಕುಂತ್ರ ಕೂಸು ಮೈಗಳ್ಳ ಆಗ್ತದ,” ಎನ್ನುತ್ತಿದ್ದಳು. ತಮ್ಮ ನಲ್ಲಿ ಸರಿಯಾಗಿ ಬಂದ್ ಮಾಡದಿದ್ದರೆ ಪುಕ್ಕಟೆ ಬೈಗುಳ. ಸರಕಾರಿ ದವಾಖಾನೆಗೆ ನಾನೇ ಕರೆದೊಯ್ದು ತೋರಿಸಿಕೊಂಡು ಬಂದೆ. ಗುಳಿಗೆ, ಹಾಲು, ಉತ್ತತ್ತಿ, ಎಲ್ಲದರ ಚೀಟಿಗಳೂ ಅಭ್ಯಾಸಬಲದಿಂದ ನನ್ನ ಫೈಲಿಗೆ ಸೇರುತ್ತಿದ್ದವು. ರಾತ್ರಿ ಅವಳು ನನ್ನ ಕಡೆ ಹೊರಳಿ ತನ್ನ ಊರಿನ ಸುದ್ದಿ ಹೇಳುತ್ತಿದ್ದಳು. ನಾನು ಹೂಂ, ಹೂಂ ಎನ್ನುತ್ತ ನಿದ್ದೆ ಹೋಗುತ್ತಿದ್ದೆ.

ಆ ಚೀಟಿಗಳನ್ನು ನೋಡಿ ವಕೀಲ ಸಾಹೇಬರು ಈ ಸಲ ನಗಲಿಲ್ಲ.

“ನೋಡ್ರಿ ಬೇಟಿ, ಆಕಿ ನಿಮ್ಮ ಕೆಲಸದಾಕಿ ಆದ್ರ ಆಕಿ ಪಗಾರ, ಊಟ, ದವಾಖಾನಿ, ಎಲ್ಲಾ ಧಂದೇದ ಖರ್ಚ. ಮನಿ ಮಗಳಾದ್ರ ಇದರಾಗ ಒಂದೂ ಅಲ್ಲ. ಯಾವ್ದು ಖರೆ ಅದನೋ ಅದನ್ನ ಬರೀರಿ. ಸುಳ್ಳ ಬರದು ನನ್ನ ಕಡಿಂದ ಸಹಿ ಹಾಕಸಬ್ಯಾಡ್ರಿ, ನನಗ ವಯಸ್ಸಾಗ್ಯದ.”

ತಮ್ಮನಿಗೆ ಇದರಲ್ಲಿ ಕಷ್ಟವೇ ಕಾಣಲಿಲ್ಲ. ಆಟದ ಮುಂದಿನ ಭಾಗಕ್ಕೂ ಅವಳ ದನಿ ಬೇಕು, ಆಗಲೇ ಒಂದಿಷ್ಟು ರೆಕಾರ್ಡ್ ಕೂಡ ಆಗಿದೆ. ಅಂದ ಮೇಲೆ ಕೆಲಸದವಳೇ ತಾನೆ? “ಸುಳ್ಳೇನದ ಅಕ್ಕಾ ಇದರಾಗ?” ಎಂದ. ನನಗೆ ಯಾವುದು ಖರೆ ಎಂದು ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಹೂಂ ಎಂದೆ.

ಮರುದಿನ ತಮ್ಮ ವೋಚರುಗಳನ್ನು ಅವಳ ಮುಂದೆ ಇಟ್ಟ. ಅವಳು ಸಾಲಿ ಬಿಟ್ಟವಳಾದರೂ ಹೆಸರು ಬರೆಯಲು ಬರುತ್ತಿತ್ತು. ಪೆನ್ನು ಹಿಡಿದು, “ಏನ ಬರದೀರಿ ಇದರಾಗ?” ಎಂದು ಕೇಳಿದಳು.

“ನಿನ್ನ ಪಗಾರದ್ದು. ಇದು ಸೀರಿದು, ನಿನ್ನ ಕೆಲಸಕ್ಕ ಕೊಟ್ಟದ್ದು ಅಂತ.”

ಪೆನ್ನು ಕೆಳಗಿಟ್ಟಳು. ನನ್ನ ಕಡೆ ತಿರುಗಿದಳು.

“ಅಂದ್ರ ನಾ ಇಲ್ಲಿ ಕೆಲಸಕ್ಕ ಬಂದಾಕೀರೇನು ಅಕ್ಕೋರ?”

ನಾನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ಅದು ಬರೀ ಟ್ಯಾಕ್ಸಿನ ಕಾಗದ, ಹಾಕು ಸಹಿ,” ಎಂದೆ.

“ಕೂಲಿ ಬೇಕಿದ್ರ ಹೈದ್ರಾಬಾದನಾಗ ಗಂಡನ ಬಾಜೂಕ ಇಟ್ಟಂಗಿ ಹೊರ್ತಿದ್ದೆ. ತವರಾಗ ರೊಟ್ಟಿ ಬಡದ್ರ ಪಗಾರ ಬರೀತಾರೇನ್ರಿ? ಉಡಿ ತುಂಬಿದ್ದಕ್ಕ ರಸೀದಿ ಮಾಡ್ತಾರೇನ್ರಿ?” ಅವಳ ದನಿ ಏರಲಿಲ್ಲ. ಬೈಯಲೂ ಇಲ್ಲ. ಎಂಥೆಂಥ ಬೈಗುಳ ಬಲ್ಲವಳು, ಒಂದನ್ನೂ ನನಗೆ ಖರ್ಚು ಮಾಡಲಿಲ್ಲ.

ಒಳಗೆ ಹೋಗಿ ಗಂಟು ಕಟ್ಟಿದಳು. ಚಪ್ಪಲಿ ಮೆಟ್ಟಿದಳು. ತಮ್ಮ ಬಾಗಿಲಿಗೆ ಅಡ್ಡ ನಿಂತು ಏನೇನೋ ಸಮಜಾಯಿಷಿ ಹೇಳಿದ. ಅವನನ್ನು ಸರಿಸಿ ಇಳಿದಳು. ಒಂದೊಂದೇ ಮೆಟ್ಟಿಲು, ಗೋಡೆ ಹಿಡಿದು. ನಾನು ಕೂತೇ ಇದ್ದೆ. ತೆರೆಯ ಮೇಲೆ ನಾನೇ ಬರೆದ ಎಮ್ಮೆ ಇತ್ತು, ಅದನ್ನೇ ನೋಡುತ್ತ ಕೂತೆ. ಹೋಗುವವರನ್ನು ಯಾರು ತಡೆಯುತ್ತಾರೆ, ಊರಿಗೆ ಊರೇ ಹೋಗುತ್ತಿದೆ ಎಂದುಕೊಂಡೆ.

ಆಗ ಕೆಳಗಿನಿಂದ ಮಾಲಕಿ ಕೂಗಿದಳು. “ಏ, ನಿಮ್ಮ ಹುಡುಗಿ ಈ ಬಿಸಲಾಗ ಎಲ್ಲಿಗಿ ಹೊಂಟಾಳ? ಆಕಿಗಿ ದಿನ ತುಂಬಲತ್ತಾವ, ಜರಾ ಬುದ್ಧಿ ಬ್ಯಾಡೇನ ನಿಮಗ?”

ನಾನು ಎದ್ದೆ. ಯಾಕೆ ಎದ್ದೆ ಅಂತ ಕೇಳಿದರೆ ಇವತ್ತಿಗೂ ಹೇಳಲಾರೆ. ಸ್ಕೂಟರ್ ತೆಗೆದು ಬಸ್ ಸ್ಟ್ಯಾಂಡಿಗೆ ಹೋದೆ. ಔರಾದ ಬಸ್ಸು ನಿಲ್ಲುವ ಕಡೆ, ಕಂಬದ ನೆರಳಿನಲ್ಲಿ ಗಂಟಿನ ಮೇಲೆ ಕೂತಿದ್ದಳು. ಮುಖ ಕೆಂಪಗೆ ಕಾದಿತ್ತು, ತುಟಿ ಒಣಗಿತ್ತು. ಕೀಲಿ ಬಿದ್ದ ಮನೆಗೆ ಹೋಗಲು ಟಿಕೆಟ್ಟಿನ ಚಿಲ್ಲರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಅಲ್ಲಿ ಅವಳಿಗೆ ನೋವು ಬಂದರೆ ಬಾಗಿಲು ಬಡಿಯಲು ಒಬ್ಬ ಮನುಷ್ಯನೂ ಇರಲಿಲ್ಲ. ಅದು ನನಗೆ ಆ ಕ್ಷಣ ಹೊಳೆಯಿತು, ಹೊಳೆದದ್ದೇ ತಡ ಮೈಯೆಲ್ಲ ಉರಿದುಹೋಯಿತು. ಸಿಟ್ಟು. ಒಂದು ವರ್ಷದಿಂದ ಏನೂ ಅನಿಸದಿದ್ದವಳಿಗೆ ಮೊದಲು ಬಂದದ್ದು ಸಿಟ್ಟು.

“ಯಾಕ, ತಲಿ ನೆಟ್ಟಗದೋ ಇಲ್ಲೋ ನಿನಗ? ಈ ಹೊಟ್ಟಿ ಹೊತ್ತು, ಈ ಬಿಸಲಾಗ, ಆ ಬಸ್ಸಿನ್ಯಾಗ! ಸತ್ರ ಯಾರ ಉತ್ತರ ಕೊಡ್ತಾರ? ಸಿಟ್ಟ ಬಂದ್ರ ಎರಡ ಬೈಬೇಕು, ಮನಿ ಬಿಟ್ಟ ಹೊಂಡ್ತಾರೇನ? ತವರಿಂದ ಹಿಂಗ ಮಾರಿ ತಿರುವಿಕೊಂಡು ಹೋಗೋದ ಯಾರ ಕಲಿಸ್ಯಾರ? ಏಳ್ತೀಯೋ ಇಲ್ಲೋ, ಏಳ!”

ಬಸ್ಸಿಗೆ ಕಾದು ನಿಂತವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಕಡಲೆ ಮಾರುವವನು ತಕ್ಕಡಿ ಹಿಡಿದುಕೊಂಡೇ ನಿಂತ. ಅವಳು ನನ್ನನ್ನು ಕಣ್ಣು ಬಿಟ್ಟು ನೋಡಿದಳು. ಆಮೇಲೆ ಅವಳ ತುಟಿಯ ಒಂದು ಕೊನೆ ಅಲುಗಿತು.

“ಇದಕ್ಕ ರೊಕ್ಕ ಎಷ್ಟ ಆತ್ರಿ ಅಕ್ಕೋರ?”

“ಪುಕ್ಕಟ,” ಎಂದೆ. ಕೈ ಕೊಟ್ಟೆ. ಎದ್ದಳು.

ವಕೀಲ ಸಾಹೇಬರ ಹತ್ತಿರ ಹೋಗಿ, ಇದು ಯಾವುದೂ ಧಂದೆಯ ಖರ್ಚಲ್ಲ ಎಂದು ಹೇಳಿಬಂದೆ. ಸೀರೆಯ ಬಿಲ್ಲು, ಗುಳಿಗೆ, ಹಾಲು ಎಲ್ಲವನ್ನೂ ಅವರು ಎಣಿಸದೆ ಮಡಿಸಿ ನನ್ನ ಕೈಗೆ ಕೊಟ್ಟರು. ನಷ್ಟ ಇದ್ದ ಕಂಪನಿಗೆ ಅದರಿಂದ ಅಂಥ ಫರಕೇನೂ ಆಗುತ್ತಿರಲಿಲ್ಲ ಎಂದು ಆಮೇಲೆ ಹೇಳಿದರು. ಜೊತೆಗೆ, “ಕೂಸಿಗಿ ಟೊಪ್ಪಿಗಿ ನಾ ಕೊಡಸ್ತೇನಿ, ಅದನ್ನ ನನ್ನ ಹಿಸಾಬದಾಗ ಬರೀಲಾಕ ಹೋಗಬ್ಯಾಡ್ರಿ,” ಎಂದು ಗದರಿಸಿದರು.

ಆಷಾಢದಲ್ಲಿ ಮೋಡ ಬಂದು ನಿಂತಿತ್ತು, ಮಳೆ ಇರಲಿಲ್ಲ. ನಸುಕಿನಲ್ಲಿ ಅವಳಿಗೆ ನೋವು ಶುರುವಾಯಿತು. ಆಟೋದಲ್ಲಿ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆವು. ಅವಳನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಹೊರಗಿನ ಬೆಂಚಿನ ಮೇಲೆ ಹಳ್ಳಿಗಳಿಂದ ಬಂದ ತಾಯಂದಿರು ಸಾಲಾಗಿ ಕೂತಿದ್ದರು. ಹೊತ್ತು ಏರಿತು. ನರ್ಸ್ ಬಾಗಿಲು ತೆರೆದು, “ಔರಾದಿನ ಹುಡುಗಿ ತಾಯಿ ಯಾರ್ರಿ? ಆಕಿ ಭಾಳ ಹೆದರ್ಯಾಳ,” ಎಂದು ಕೇಳಿದಳು. ಎಲ್ಲರೂ ಅತ್ತ ಇತ್ತ ನೋಡಿದರು. ನಾನು ಎದ್ದೆ, ತಾಯಿ ನಾನಲ್ಲವಲ್ಲ ಎಂದು ಬೆಂಚಿನ ಹತ್ತಿರವೇ ನಿಂತೆ. ನರ್ಸ್ ಒಂದು ಕ್ಷಣ ಕಾದು ಒಳಗೆ ಹೋದಳು.

ಒಳಗಿನಿಂದ “ಯವ್ವಾ!” ಎಂದು ಅವಳು ಚೀರಿದಳು.

ಅದು ನನ್ನನ್ನು ಕರೆದದ್ದಲ್ಲ. ಆ ಕೋಣೆಯೊಳಗೆ ಹೋದವರೆಲ್ಲ ಅದನ್ನೇ ಕೂಗುತ್ತಾರೆ. ಪುಣೆಯ ಯಾವುದೋ ಮೂಲೆಯಲ್ಲಿ ಕಲ್ಲು ಮಣ್ಣು ಹೊರುತ್ತಿದ್ದ ಅವಳ ಅವ್ವನಿಗೆ ಅದು ಕೇಳಿಸುವ ಹಾಗಿರಲಿಲ್ಲ. ನಾನು ಕರೆದರೂ ನನ್ನವ್ವನಿಗೆ ಕೇಳಿಸುವ ಹಾಗಿರಲಿಲ್ಲ. ಬಾಗಿಲಿಗೆ ಹೋಗಿ ಎರಡೂ ಅಂಗೈ ಒತ್ತಿ ನಿಂತೆ.

“ಓ,” ಎಂದೆ. “ಇಲ್ಲೇ ಅದೀನವ್ವಾ.”

ಅಳುತ್ತಿದ್ದೇನೆ ಎಂದು ಬೆಂಚಿನ ಮೇಲಿದ್ದ ಮುದುಕಿ ಸೆರಗಿನಿಂದ ನನ್ನ ಮುಖ ಒರೆಸಿದಾಗಲೇ ತಿಳಿದದ್ದು. ಒಳಗೆ ಅವಳು ಮತ್ತೆ ಕೂಗಿದಳು, ನಾನು ಮತ್ತೆ ಓ ಎಂದೆ. ಕೂಸಿನ ಅಳು ಕೇಳಿಸುವ ತನಕ ಅವಳು ಕೂಗುತ್ತಲೇ ಇದ್ದಳು, ನಾನು ಓಗೊಡುತ್ತಲೇ ಇದ್ದೆ.